ವಿವಾಹಪೂರ್ವ ಮತಾಂತರ

ವಿವಾಹಪೂರ್ವ ಮತಾಂತರ ಎಂದರೆ ಭಿನ್ನ ಧರ್ಮಗಳಿಗೆ ಸೇರಿದ ಇಬ್ಬರು ವಿವಾಹವಾಗುವ ಮುನ್ನ ಅವರಲ್ಲೊಬ್ಬರು ಮತ್ತೊಬ್ಬರ ಧರ್ಮವನ್ನು ಸ್ವೀಕರಿಸುವುದು. ಭಾರತದಲ್ಲಿ ವಿವಾಹವು ಬಹುಮಟ್ಟಿಗೆ ಆಯಾ ಧರ್ಮದ ವೈಯಕ್ತಿಕ ಕಾನೂನಿಗೆ ಒಳಪಟ್ಟಿದೆ. ಆದ್ದರಿಂದ ಅಂತರಧರ್ಮೀಯ ವಿವಾಹದ ಸಂದರ್ಭದಲ್ಲಿ ಮತಾಂತರದ ಪ್ರಶ್ನೆ ಮೇಲಿಂದ ಮೇಲೆ ಎದುರಾಗುತ್ತದೆ. ವಿಶೇಷ ವಿವಾಹ ಕಾಯ್ದೆ, 1954ರ ಅಡಿಯಲ್ಲಿ ವಿವಾಹವಾಗುವವರಿಗೆ ಮತಾಂತರದ ಅಗತ್ಯವಿಲ್ಲ. ಇಬ್ಬರೂ ತಮ್ಮ ತಮ್ಮ ಧರ್ಮದಲ್ಲೇ ಉಳಿದು ಪತಿ-ಪತ್ನಿಯರಾಗಬಹುದು. ಧಾರ್ಮಿಕ ವಿಧಿಯಂತೆಯೇ ವಿವಾಹ ನಡೆಯಬೇಕೆಂದಾಗ ಮಾತ್ರ ಅನೇಕ ಸಂದರ್ಭಗಳಲ್ಲಿ ಮತಾಂತರ ಅನಿವಾರ್ಯವಾಗುತ್ತದೆ. ಮತಾಂತರ ಹೊಂದುವುದು ಮತ್ತು ಹೊಂದದಿರುವುದು ಎರಡಕ್ಕೂ ಉತ್ತರಾಧಿಕಾರ, ವಿಚ್ಛೇದನ, ಮಕ್ಕಳ ಹಕ್ಕು ಹಾಗೂ ಮೀಸಲಾತಿಗೆ ಸಂಬಂಧಿಸಿದ ಪ್ರತ್ಯೇಕ ಪರಿಣಾಮಗಳಿವೆ.

ಐತಿಹಾಸಿಕ ಹಿನ್ನೆಲೆ

ಬ್ರಿಟಿಷ್ ಆಳ್ವಿಕೆಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಹಾಗೂ ಪಾರ್ಸಿ ಸಮುದಾಯಗಳ ವಿವಾಹಗಳು ಪ್ರತ್ಯೇಕ ಕಾನೂನುಗಳಡಿ ನಡೆಯುತ್ತಿದ್ದವು. ಬ್ರಹ್ಮ ಸಮಾಜದ ನಾಯಕ ಕೇಶವಚಂದ್ರ ಸೇನ್ ಅವರ ಪ್ರಯತ್ನದ ಫಲವಾಗಿ 1872ರಲ್ಲಿ ಮೊದಲ ವಿಶೇಷ ವಿವಾಹ ಕಾಯ್ದೆ ಜಾರಿಗೆ ಬಂದಿತು. ಇದರಡಿ ವಿವಾಹವಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯಹೂದಿ, ಪಾರ್ಸಿ, ಬೌದ್ಧ, ಸಿಖ್ ಅಥವಾ ಜೈನ ಧರ್ಮವನ್ನು ಅನುಸರಿಸುವವರಲ್ಲ ಎಂದು ಘೋಷಿಸಬೇಕಾಗಿತ್ತು. ಹೀಗಾಗಿ ಅಂತರಧರ್ಮೀಯ ಜೋಡಿಗಳ ಮುಂದೆ ಎರಡೇ ದಾರಿಗಳಿದ್ದವು: ಒಬ್ಬರು ಮತಾಂತರ ಹೊಂದುವುದು, ಇಲ್ಲವೇ ಇಬ್ಬರೂ ತಮ್ಮ ಧರ್ಮವನ್ನು ನಿರಾಕರಿಸುವುದು.

ಈ ಷರತ್ತನ್ನು ಸಡಿಲಿಸಲು ಭೂಪೇಂದ್ರನಾಥ ಬಸು ಅವರು ಮಂಡಿಸಿದ ತಿದ್ದುಪಡಿ ಮಸೂದೆಯನ್ನು 1912ರಲ್ಲಿ ಸಾಮ್ರಾಜ್ಯ ಶಾಸನ ಪರಿಷತ್ತಿನಲ್ಲಿ ಬೆಂಬಲಿಸಿದವರಲ್ಲಿ ಮೊಹಮ್ಮದ್ ಅಲಿ ಜಿನ್ನಾ ಒಬ್ಬರು. ಮಸೂದೆಗೆ ಅಂಗೀಕಾರ ದೊರೆಯಲಿಲ್ಲ. ಆರು ವರ್ಷಗಳ ಅನಂತರ ಇದೇ ಪ್ರಶ್ನೆ ಅವರ ಸ್ವಂತ ಜೀವನದಲ್ಲಿ ಎದುರಾಯಿತು. ಮುಂಬಯಿಯ ಪಾರ್ಸಿ ಉದ್ಯಮಿ ಸರ್ ದಿನ್‌ಷಾ ಪೆಟಿಟ್ ಅವರ ಮಗಳು ರತನ್‌ಬಾಯಿ ಹದಿನೆಂಟು ವರ್ಷ ತುಂಬಿದ ಬಳಿಕ 1918ರ ಏಪ್ರಿಲ್ 18ರಂದು ಇಸ್ಲಾಂ ಸ್ವೀಕರಿಸಿದರು. ಮರುದಿನ ಜಿನ್ನಾ ಅವರೊಂದಿಗೆ ಅವರ ವಿವಾಹ ನಡೆಯಿತು. ತಂದೆಯ ವಿರೋಧದಿಂದಾಗಿ ತವರಿನ ಸಂಬಂಧ ಕಡಿದುಹೋಯಿತು. 1929ರಲ್ಲಿ ನಿಧನರಾದ ಅವರನ್ನು ಮುಂಬಯಿಯ ಮಝಗಾಂವ್‌ನಲ್ಲಿರುವ ಖೋಜಾ ಸಮುದಾಯದ ರುದ್ರಭೂಮಿಯಲ್ಲಿ ದಫನ ಮಾಡಲಾಯಿತು.

1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ಆದ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್ ಮತ್ತು ಜೈನರು ಧರ್ಮವನ್ನು ನಿರಾಕರಿಸದೆ ಪರಸ್ಪರ ವಿವಾಹವಾಗಲು ಅವಕಾಶ ನೀಡಿತು. ಹಿಂದೂ-ಮುಸ್ಲಿಂ, ಹಿಂದೂ-ಪಾರ್ಸಿ ಮುಂತಾದ ವಿವಾಹಗಳು ಈ ವಿನಾಯಿತಿಯ ಹೊರಗೇ ಉಳಿದವು. 1942ರ ಮಾರ್ಚ್‌ನಲ್ಲಿ ಇಂದಿರಾ ನೆಹರು ಮತ್ತು ಪಾರ್ಸಿ ಸಮುದಾಯದ ಫಿರೋಜ್ ಗಾಂಧಿ ಅವರ ವಿವಾಹವು ಅಲಹಾಬಾದಿನಲ್ಲಿ ವೈದಿಕ ವಿಧಿಯಂತೆ ನಡೆದಾಗ ಅದರ ಕಾನೂನು ಮಾನ್ಯತೆಯ ಕುರಿತು ಪ್ರಶ್ನೆಗಳೆದ್ದವು. ಸ್ವಾತಂತ್ರ್ಯಾನಂತರ ಸಂಸತ್ತು 1872ರ ಕಾಯ್ದೆಯನ್ನು ರದ್ದುಪಡಿಸಿ ವಿಶೇಷ ವಿವಾಹ ಕಾಯ್ದೆ, 1954ನ್ನು ಅಂಗೀಕರಿಸಿತು. 1955ರ ಜನವರಿ 1ರಂದು ಜಾರಿಗೆ ಬಂದ ಈ ಕಾಯ್ದೆಯಲ್ಲಿ ಧರ್ಮನಿರಾಕರಣೆಯ ಘೋಷಣೆ ಇಲ್ಲ.

ವಿವಿಧ ಧರ್ಮಗಳ ನಿಲುವು

ಹಿಂದೂ, ಬೌದ್ಧ, ಜೈನ ಮತ್ತು ಸಿಖ್
ಹಿಂದೂ ವಿವಾಹ ಕಾಯ್ದೆ, 1955ರ ಪ್ರಕಾರ ವಧು ಮತ್ತು ವರ ಇಬ್ಬರೂ ಹಿಂದೂಗಳಾಗಿರಬೇಕು. ಈ ಕಾಯ್ದೆಯ ಮಟ್ಟಿಗೆ ‘ಹಿಂದೂ’ ಎಂಬ ಪದದ ವ್ಯಾಪ್ತಿ ವಿಶಾಲವಾದುದು. ವೀರಶೈವರು, ಲಿಂಗಾಯತರು, ಬ್ರಹ್ಮ ಸಮಾಜ, ಪ್ರಾರ್ಥನಾ ಸಮಾಜ ಹಾಗೂ ಆರ್ಯ ಸಮಾಜದ ಅನುಯಾಯಿಗಳು ಇದರಲ್ಲಿ ಸೇರುತ್ತಾರೆ. ಬೌದ್ಧ, ಜೈನ ಮತ್ತು ಸಿಖ್ಖರಿಗೂ ಕಾಯ್ದೆ ಅನ್ವಯಿಸುತ್ತದೆ. ಆದ್ದರಿಂದ ಲಿಂಗಾಯತ ಮತ್ತು ಜೈನ ಕುಟುಂಬಗಳ ನಡುವಿನ ವಿವಾಹಕ್ಕೆ ಕಾನೂನಿನ ದೃಷ್ಟಿಯಲ್ಲಿ ಮತಾಂತರ ಬೇಕಿಲ್ಲ. ಕ್ರೈಸ್ತ, ಮುಸ್ಲಿಂ, ಪಾರ್ಸಿ ಅಥವಾ ಯಹೂದಿ ಧರ್ಮದವರು ಈ ಕಾಯ್ದೆಯಡಿ ವಿವಾಹವಾಗಬೇಕಾದರೆ ಮೊದಲು ಮತಾಂತರ ಹೊಂದಬೇಕು.

ಹಿಂದೂ ಧರ್ಮಕ್ಕೆ ಸೇರಲು ಎಲ್ಲರಿಗೂ ಅನ್ವಯಿಸುವ ಒಂದೇ ವಿಧಿ ಇಲ್ಲ. ಪ್ರಾಮಾಣಿಕ ಉದ್ದೇಶವೂ ಅದಕ್ಕೆ ತಕ್ಕ ನಡವಳಿಕೆಯೂ ಇದ್ದರೆ ಶುದ್ಧೀಕರಣದಂಥ ಔಪಚಾರಿಕ ಆಚರಣೆ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1970ರ ತೀರ್ಪೊಂದರಲ್ಲಿ ಹೇಳಿದೆ. ಆರ್ಯ ಸಮಾಜವು ‘ಶುದ್ಧಿ’ ಎಂಬ ವಿಧಿಯ ಮೂಲಕ ಅನ್ಯಧರ್ಮೀಯರನ್ನು ಸೇರಿಸಿಕೊಳ್ಳುತ್ತದೆ. ಆರ್ಯ ವಿವಾಹ ಸಿಂಧುಗೊಳಿಸುವ ಕಾಯ್ದೆ, 1937ರ ಪ್ರಕಾರ ವಿವಾಹದ ಸಮಯದಲ್ಲಿ ಇಬ್ಬರೂ ಆರ್ಯ ಸಮಾಜಿಗಳಾಗಿದ್ದರೆ, ಅವರ ಹಿಂದಿನ ಜಾತಿ ಅಥವಾ ಧರ್ಮದ ಕಾರಣದಿಂದ ವಿವಾಹವು ಅಸಿಂಧುವಾಗುವುದಿಲ್ಲ. ಸಿಖ್ಖರ ಆನಂದ ಕಾರಜ್ ವಿಧಿಯನ್ನು ಸಿಖ್ ರೆಹತ್ ಮರ್ಯಾದಾ ಸಿಖ್ಖರಿಗಷ್ಟೇ ಸೀಮಿತಗೊಳಿಸಿದೆ.

ಇಸ್ಲಾಂ
ಸಾಂಪ್ರದಾಯಿಕ ಇಸ್ಲಾಮಿಕ್ ನ್ಯಾಯಶಾಸ್ತ್ರದಂತೆ ಮುಸ್ಲಿಂ ಪುರುಷನು ಮುಸ್ಲಿಂ ಮಹಿಳೆಯನ್ನಲ್ಲದೆ ‘ಕಿತಾಬಿಯಾ’, ಅಂದರೆ ಕ್ರೈಸ್ತ ಅಥವಾ ಯಹೂದಿ ಮಹಿಳೆಯನ್ನೂ ವಿವಾಹವಾಗಬಹುದು. ಮುಸ್ಲಿಂ ಮಹಿಳೆಯು ಅನ್ಯಧರ್ಮೀಯ ಪುರುಷನನ್ನು ವಿವಾಹವಾಗುವಂತಿಲ್ಲ. ವರನು ಮೊದಲು ಇಸ್ಲಾಂ ಸ್ವೀಕರಿಸಬೇಕು. ‘ಶಹಾದಾ’ ಎಂಬ ನಂಬಿಕೆಯ ಘೋಷಣೆಯನ್ನು ಉಚ್ಚರಿಸುವುದು ಇಸ್ಲಾಂ ಸ್ವೀಕಾರದ ಮೂಲ ವಿಧಿ. ಮುಸ್ಲಿಂ ಪುರುಷ ಮತ್ತು ಮತಾಂತರ ಹೊಂದದ ಹಿಂದೂ ಮಹಿಳೆಯ ನಿಕಾಹ್ ಪೂರ್ಣ ಸಿಂಧುವೂ ಅಲ್ಲ, ಪೂರ್ಣ ಶೂನ್ಯವೂ ಅಲ್ಲ; ಅದು ‘ಫಾಸಿದ್’, ಅಂದರೆ ಅನಿಯಮಿತ ವಿವಾಹವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಇಂಥ ವಿವಾಹದಲ್ಲಿ ಜನಿಸಿದ ಮಕ್ಕಳು ಔರಸರಾಗಿದ್ದು ತಂದೆಯ ಆಸ್ತಿಗೆ ಹಕ್ಕುಳ್ಳವರಾಗಿರುತ್ತಾರೆ. ಪತ್ನಿಗೆ ಮಹರ್ ಪಡೆಯುವ ಹಕ್ಕಿದ್ದರೂ ಪತಿಯ ಆಸ್ತಿಯಲ್ಲಿ ಉತ್ತರಾಧಿಕಾರ ದೊರೆಯುವುದಿಲ್ಲ.

ಕ್ರೈಸ್ತ ಧರ್ಮ
ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ, 1872 ಇಬ್ಬರಲ್ಲಿ ಒಬ್ಬರು ಮಾತ್ರ ಕ್ರೈಸ್ತರಾಗಿರುವ ವಿವಾಹಕ್ಕೂ ಅನ್ವಯಿಸುತ್ತದೆ. ಕ್ಯಾಥೋಲಿಕ್ ಚರ್ಚು ದೀಕ್ಷಾಸ್ನಾನ ಪಡೆಯದವರೊಂದಿಗಿನ ವಿವಾಹವನ್ನು ‘ಧರ್ಮಭಿನ್ನತೆ’ಯ ಅಡ್ಡಿಯೆಂದು ಪರಿಗಣಿಸುತ್ತದೆ. ಬಿಷಪ್ಪರು ವಿಶೇಷ ಅನುಮತಿ ನೀಡಿದರೆ ಮತಾಂತರವಿಲ್ಲದೆಯೂ ಚರ್ಚಿನಲ್ಲಿ ವಿವಾಹ ನಡೆಯಬಹುದು. ಈ ಅನುಮತಿಗಾಗಿ ಕ್ಯಾಥೋಲಿಕ್ ವ್ಯಕ್ತಿಯು ತನ್ನ ವಿಶ್ವಾಸವನ್ನು ಉಳಿಸಿಕೊಳ್ಳುವುದಾಗಿಯೂ, ಮಕ್ಕಳಿಗೆ ಕ್ಯಾಥೋಲಿಕ್ ದೀಕ್ಷಾಸ್ನಾನ ಕೊಡಿಸಲು ತನ್ನಿಂದಾದ ಪ್ರಯತ್ನ ಮಾಡುವುದಾಗಿಯೂ ವಚನ ನೀಡಬೇಕು. ಇನ್ನೊಬ್ಬರಿಗೆ ಈ ವಚನದ ಬಗ್ಗೆ ತಿಳಿಸಿರಬೇಕು. ದೀಕ್ಷಾಸ್ನಾನ ಪಡೆಯಬಯಸುವ ವಯಸ್ಕರಿಗೆ ಧರ್ಮೋಪದೇಶದ ತಯಾರಿ ಅವಧಿ ಇರುತ್ತದೆ.

ಪಾರ್ಸಿ ಮತ್ತು ಯಹೂದಿ
ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆ, 1936ರಡಿ ಇಬ್ಬರೂ ಪಾರ್ಸಿಗಳಾಗಿರಬೇಕು. ಸಮುದಾಯದ ಸಾಂಪ್ರದಾಯಿಕ ವರ್ಗವು ಮತಾಂತರವನ್ನು ಒಪ್ಪುವುದಿಲ್ಲವಾದ್ದರಿಂದ, ಇಲ್ಲಿ ಮತಾಂತರದ ಮೂಲಕ ವಿವಾಹದ ದಾರಿ ಬಹುಮಟ್ಟಿಗೆ ಮುಚ್ಚಿದೆ. ಆರ್.ಡಿ. ಟಾಟಾ ಅವರ ಫ್ರೆಂಚ್ ಪತ್ನಿ ಸೂಝಾನ್ ಬ್ರಿಯೇರ್ ನವಜೋತ್ ವಿಧಿಯ ಮೂಲಕ ಜರತುಷ್ಟ್ರ ಧರ್ಮವನ್ನು ಸ್ವೀಕರಿಸಿದ್ದರು. ಆದರೆ ಇಂಥವರಿಗೆ ಪಾರ್ಸಿ ಸಮುದಾಯದ ದತ್ತಿಗಳ ಪ್ರಯೋಜನ ಸಲ್ಲದೆಂದು ಬಾಂಬೆ ಉಚ್ಚ ನ್ಯಾಯಾಲಯವು 1908ರಲ್ಲಿ ತೀರ್ಪು ನೀಡಿತು. ಯಹೂದಿ ಧರ್ಮದ ಸಂಪ್ರದಾಯನಿಷ್ಠ ಪಂಥದಲ್ಲಿ ಕೇವಲ ವಿವಾಹಕ್ಕಾಗಿ ಮತಾಂತರ ಬಯಸುವುದನ್ನು ನಿರುತ್ತೇಜಿಸಲಾಗುತ್ತದೆ.

ಮತಾಂತರವಿಲ್ಲದ ವಿವಾಹ

ವಿಶೇಷ ವಿವಾಹ ಕಾಯ್ದೆಯಡಿ ವಿವಾಹವಾಗಲು ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನಗಳಿಂದ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಲಿಖಿತ ನೋಟಿಸು ನೀಡಬೇಕು. ಕರ್ನಾಟಕದಲ್ಲಿ ಉಪನೋಂದಣಾಧಿಕಾರಿಗಳು ಈ ಕಾರ್ಯ ನಿರ್ವಹಿಸುತ್ತಾರೆ. ನೋಟಿಸನ್ನು ಕಚೇರಿಯಲ್ಲಿ ಪ್ರಕಟಿಸಲಾಗುತ್ತದೆ. 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಆಕ್ಷೇಪಣೆಯು ಕಾಯ್ದೆಯ 4ನೇ ಕಲಮಿನ ಷರತ್ತುಗಳಿಗೆ, ಅಂದರೆ ಜೀವಂತವಿರುವ ಪತಿ ಅಥವಾ ಪತ್ನಿ, ಒಪ್ಪಿಗೆ ನೀಡುವ ಮಾನಸಿಕ ಸಾಮರ್ಥ್ಯ, ವಯಸ್ಸು ಮತ್ತು ನಿಷಿದ್ಧ ರಕ್ತಸಂಬಂಧಗಳಿಗೆ ಸೀಮಿತವಾಗಿರಬೇಕು. ಧರ್ಮ ಬೇರೆ ಎಂಬುದಾಗಲಿ, ಹೆತ್ತವರಿಗೆ ಒಪ್ಪಿಗೆ ಇಲ್ಲ ಎಂಬುದಾಗಲಿ ಆಕ್ಷೇಪಣೆಗೆ ಆಧಾರವಲ್ಲ.

ಆಕ್ಷೇಪಣೆ ಇಲ್ಲದಿದ್ದಲ್ಲಿ, ನೋಟಿಸು ನೀಡಿದ ಮೂರು ತಿಂಗಳೊಳಗೆ ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ವಿವಾಹ ನೆರವೇರುತ್ತದೆ. ಜೋಡಿಯು ತಮಗೆ ಬೇಕಾದ ವಿಧಾನದಲ್ಲಿ ವಿವಾಹ ಮಾಡಿಕೊಳ್ಳಬಹುದಾದರೂ, ಪರಸ್ಪರರನ್ನು ಪತಿ-ಪತ್ನಿಯಾಗಿ ಸ್ವೀಕರಿಸುವ ಮಾತನ್ನು ಅಧಿಕಾರಿ ಮತ್ತು ಸಾಕ್ಷಿಗಳ ಎದುರು ಹೇಳುವುದು ಕಡ್ಡಾಯ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದಂಥ ಸರಳ ವಿಧಾನವನ್ನು ಅನುಸರಿಸುವ ಅಂತರಧರ್ಮೀಯ ಜೋಡಿಗಳೂ ಕಾನೂನು ಮಾನ್ಯತೆಗಾಗಿ ಈ ಕಾಯ್ದೆಯ ಪ್ರಕ್ರಿಯೆಯನ್ನು ಪೂರೈಸಬೇಕಾಗುತ್ತದೆ.

ಮೂವತ್ತು ದಿನಗಳ ಬಹಿರಂಗ ನೋಟಿಸು ಈ ಕಾಯ್ದೆಯ ಅತ್ಯಂತ ವಿವಾದಿತ ಅಂಶ. ವಿಷಯವು ಕುಟುಂಬಕ್ಕೆ ಅಥವಾ ಹೊರಗಿನ ಗುಂಪುಗಳಿಗೆ ತಿಳಿದು ಬೆದರಿಕೆ ಎದುರಾಗಬಹುದೆಂಬ ಭಯದಿಂದ, ಒಂದೇ ದಿನದಲ್ಲಿ ಮುಗಿಯುವ ಧಾರ್ಮಿಕ ವಿವಾಹವನ್ನೂ ಅದಕ್ಕಾಗಿ ಮತಾಂತರವನ್ನೂ ಕೆಲವರು ಆರಿಸಿಕೊಳ್ಳುತ್ತಾರೆ. ಇಂಥ ಸಂದರ್ಭದಲ್ಲಿ ಮತಾಂತರದ ಕಾರಣ ನಂಬಿಕೆಯ ಬದಲಾವಣೆಗಿಂತ ಕಾನೂನು ಪ್ರಕ್ರಿಯೆಯ ಸ್ವರೂಪವೇ ಆಗಿರುತ್ತದೆ. ನೋಟಿಸಿನ ಪ್ರಕಟಣೆಯನ್ನು ಜೋಡಿಯು ಬಯಸಿದರೆ ಮಾತ್ರ ಮಾಡಬೇಕೆಂದು ಅಲಹಾಬಾದ್ ಉಚ್ಚ ನ್ಯಾಯಾಲಯವು 2021ರ ಜನವರಿಯಲ್ಲಿ ತೀರ್ಪು ನೀಡಿತು.

ವಿದೇಶದಲ್ಲಿರುವ ಭಾರತೀಯರಿಗೆ ವಿದೇಶಿ ವಿವಾಹ ಕಾಯ್ದೆ, 1969 ಇದೇ ಬಗೆಯ ಅವಕಾಶ ಕಲ್ಪಿಸಿದೆ. ಇಬ್ಬರಲ್ಲಿ ಒಬ್ಬರಾದರೂ ಭಾರತೀಯ ಪ್ರಜೆಯಾಗಿದ್ದರೆ, ಧರ್ಮಭೇದವಿಲ್ಲದೆ ಈ ಕಾಯ್ದೆಯಡಿ ವಿವಾಹವಾಗಬಹುದು.

ಕಾನೂನು ಪರಿಣಾಮಗಳು

ಮತಾಂತರ ಹೊಂದಿದಾಗ
- ಉತ್ತರಾಧಿಕಾರ: ಜಾತಿ ಅನರ್ಹತೆಗಳ ನಿವಾರಣಾ ಕಾಯ್ದೆ, 1850 ಮತಾಂತರದ ಕಾರಣಕ್ಕಾಗಿ ಯಾರೂ ಆಸ್ತಿಯ ಹಕ್ಕನ್ನು ಕಳೆದುಕೊಳ್ಳದಂತೆ ಮಾಡಿತು. ಹಿಂದೂ ಧರ್ಮವನ್ನು ತೊರೆದ ಮಗಳು ಅಥವಾ ಮಗ ಹೆತ್ತವರ ಆಸ್ತಿಗೆ ಉತ್ತರಾಧಿಕಾರಿಯಾಗಿಯೇ ಉಳಿಯುತ್ತಾರೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ 26ನೇ ಕಲಮಿನಂತೆ, ಮತಾಂತರದ ಅನಂತರ ಅವರಿಗೆ ಜನಿಸಿದ ಮಕ್ಕಳು ಮತ್ತು ಆ ಮಕ್ಕಳ ಸಂತತಿಯವರು, ಉತ್ತರಾಧಿಕಾರ ತೆರೆಯುವ ವೇಳೆಗೆ ಹಿಂದೂಗಳಾಗಿಲ್ಲದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ಉತ್ತರಾಧಿಕಾರಿಗಳಾಗಲಾರರು.
- ಮೀಸಲಾತಿ: ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ, 1950ರ ಪ್ರಕಾರ ಹಿಂದೂ, ಸಿಖ್ ಮತ್ತು ಬೌದ್ಧರು ಮಾತ್ರ ಪರಿಶಿಷ್ಟ ಜಾತಿಯ ಸ್ಥಾನಮಾನಕ್ಕೆ ಅರ್ಹರು. ಇಸ್ಲಾಂ ಅಥವಾ ಕ್ರೈಸ್ತ ಧರ್ಮ ಸ್ವೀಕರಿಸಿದ ಪರಿಶಿಷ್ಟ ಜಾತಿಯ ವ್ಯಕ್ತಿ ಈ ಸ್ಥಾನಮಾನವನ್ನು ಕಳೆದುಕೊಳ್ಳುತ್ತಾರೆ. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಇಂಥ ಧಾರ್ಮಿಕ ಷರತ್ತು ಇಲ್ಲ.
- ವಿವಾಹದ ಕಾನೂನು: ದಂಪತಿಗಳು ಹೊಸ ಧರ್ಮದ ವೈಯಕ್ತಿಕ ಕಾನೂನಿಗೆ ಒಳಪಡುತ್ತಾರೆ. ವಿಚ್ಛೇದನ, ಜೀವನಾಂಶ ಮತ್ತು ಉಯಿಲಿನ ನಿಯಮಗಳು ಇದರಿಂದ ಬದಲಾಗುತ್ತವೆ. ಉದಾಹರಣೆಗೆ, ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲು ಮಾಡುವಂತಿಲ್ಲ.
- ಮೂಲ ಧರ್ಮಕ್ಕೆ ಮರಳುವಿಕೆ: ಮುಸ್ಲಿಂ ವಿವಾಹಗಳ ವಿಸರ್ಜನಾ ಕಾಯ್ದೆ, 1939ರ 4ನೇ ಕಲಮಿನಂತೆ ಮುಸ್ಲಿಂ ಪತ್ನಿಯು ಇಸ್ಲಾಂ ತೊರೆದ ಮಾತ್ರಕ್ಕೆ ವಿವಾಹ ರದ್ದಾಗುವುದಿಲ್ಲ. ಅನ್ಯಧರ್ಮದಿಂದ ಬಂದು ಪುನಃ ತನ್ನ ಹಿಂದಿನ ಧರ್ಮಕ್ಕೆ ಮರಳಿದ ಮಹಿಳೆಗೆ ಈ ನಿಯಮ ಅನ್ವಯಿಸುವುದಿಲ್ಲ.

ಮತಾಂತರ ಹೊಂದದೆ ವಿಶೇಷ ವಿವಾಹ ಕಾಯ್ದೆಯಡಿ ವಿವಾಹವಾದಾಗ
- ಅವಿಭಕ್ತ ಕುಟುಂಬ: ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಅವಿಭಕ್ತ ಕುಟುಂಬದ ಸದಸ್ಯರು ಈ ನಾಲ್ಕು ಧರ್ಮಗಳ ಹೊರಗಿನವರನ್ನು ವಿವಾಹವಾದರೆ, ಆ ಕುಟುಂಬದಿಂದ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕಗೊಂಡಂತಾಗುತ್ತದೆ.
- ಉತ್ತರಾಧಿಕಾರ: ದಂಪತಿಗಳ ಮತ್ತು ಅವರ ಮಕ್ಕಳ ಆಸ್ತಿಗೆ ವೈಯಕ್ತಿಕ ಕಾನೂನಿನ ಬದಲು ಭಾರತೀಯ ಉತ್ತರಾಧಿಕಾರ ಕಾಯ್ದೆ, 1925 ಅನ್ವಯವಾಗುತ್ತದೆ.
- ವಿನಾಯಿತಿ: ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ 1976ರ ತಿದ್ದುಪಡಿಯಂತೆ ಮೇಲಿನ ಎರಡೂ ಪರಿಣಾಮಗಳು ಉಂಟಾಗುವುದಿಲ್ಲ.

ಎರಡೂ ದಾರಿಗಳನ್ನು ಬಿಟ್ಟು, ಮತಾಂತರವೂ ಇಲ್ಲದೆ ವಿಶೇಷ ವಿವಾಹ ಕಾಯ್ದೆಯ ಪ್ರಕ್ರಿಯೆಯೂ ಇಲ್ಲದೆ ನಡೆಸುವ ವಿವಾಹ ಹೆಚ್ಚಿನ ಅಪಾಯಕ್ಕೆ ಎಡೆಮಾಡುತ್ತದೆ. ಕ್ರೈಸ್ತ ಪುರುಷ ಮತ್ತು ಹಿಂದೂ ಮಹಿಳೆ ದೇವಾಲಯವೊಂದರಲ್ಲಿ ತಾಳಿ ಕಟ್ಟಿಸಿಕೊಂಡು ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿದ ಪ್ರಕರಣವೊಂದರಲ್ಲಿ, ಇಬ್ಬರೂ ಹಿಂದೂಗಳಾಗಿರದ ಕಾರಣ ಆ ವಿವಾಹವು ಶೂನ್ಯವೆಂದು ಸರ್ವೋಚ್ಚ ನ್ಯಾಯಾಲಯವು 2008ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ನೋಂದಣಿ ಪತ್ರವೊಂದರಿಂದಲೇ ಅಸಿಂಧು ವಿವಾಹವು ಸಿಂಧುವಾಗುವುದಿಲ್ಲ.

ಪ್ರಮುಖ ತೀರ್ಪುಗಳು

ಹಿಂದೂ ಪತಿಯು ಮೊದಲ ವಿವಾಹ ಜಾರಿಯಲ್ಲಿರುವಾಗಲೇ ಇಸ್ಲಾಂ ಸ್ವೀಕರಿಸಿ ಎರಡನೆಯ ವಿವಾಹವಾದರೆ, ಎರಡನೆಯ ವಿವಾಹ ಶೂನ್ಯವೆಂದೂ ಅದು ದ್ವಿಪತ್ನಿತ್ವದ ಅಪರಾಧವೆಂದೂ ಸರ್ವೋಚ್ಚ ನ್ಯಾಯಾಲಯವು 1995ರ ಸರಳಾ ಮುದ್ಗಲ್ ಪ್ರಕರಣದಲ್ಲಿ ಹೇಳಿತು. 2000ದ ಲಿಲಿ ಥಾಮಸ್ ಪ್ರಕರಣದಲ್ಲಿ ಈ ನಿಲುವನ್ನು ಎತ್ತಿಹಿಡಿಯಲಾಯಿತು. ಮತಾಂತರವು ಹಿಂದಿನ ವಿವಾಹವನ್ನು ತಾನಾಗಿಯೇ ಕೊನೆಗೊಳಿಸುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಅದು ಮತಾಂತರ ಹೊಂದದ ಪತಿ ಅಥವಾ ಪತ್ನಿಗೆ ವಿಚ್ಛೇದನ ಕೋರಲು ಕಾರಣ ಒದಗಿಸುತ್ತದೆ.

ನಂಬಿಕೆ ಇಲ್ಲದೆ ಕೇವಲ ವಿವಾಹಕ್ಕಾಗಿ ಹೊಂದುವ ಮತಾಂತರ ಸಿಂಧುವೇ ಎಂಬ ಪ್ರಶ್ನೆಯು ಅಲಹಾಬಾದ್ ಉಚ್ಚ ನ್ಯಾಯಾಲಯದ ಮುಂದೆ ಹಲವು ಬಾರಿ ಬಂದಿದೆ. 2014ರಲ್ಲಿ ಏಕಸದಸ್ಯ ಪೀಠವು, ಹೊಸ ಧರ್ಮದ ಬಗ್ಗೆ ಅರಿವೂ ವಿಶ್ವಾಸವೂ ಇಲ್ಲದ ಇಂಥ ಮತಾಂತರವನ್ನು ಒಪ್ಪಲಾಗದೆಂದು ಹೇಳಿ ಐದು ಜೋಡಿಗಳ ಅರ್ಜಿಗಳನ್ನು ವಜಾಗೊಳಿಸಿತು. 2020ರ ಸೆಪ್ಟೆಂಬರ್‌ನಲ್ಲಿ ಇದೇ ನಿಲುವನ್ನು ಪುನರುಚ್ಚರಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ವಿಭಾಗೀಯ ಪೀಠವು, ವಯಸ್ಕರಿಬ್ಬರು ಸ್ವಇಚ್ಛೆಯಿಂದ ಒಟ್ಟಿಗೆ ಬಾಳುವ ಹಕ್ಕನ್ನು ಆ ತೀರ್ಪುಗಳು ಪರಿಗಣಿಸಿಲ್ಲವಾದ್ದರಿಂದ ಅವು ಸರಿಯಾದ ಕಾನೂನಲ್ಲವೆಂದು ಹೇಳಿತು.

ಕೇರಳದಲ್ಲಿ ಇಸ್ಲಾಂ ಸ್ವೀಕರಿಸಿ ಮುಸ್ಲಿಂ ಯುವಕನನ್ನು ವಿವಾಹವಾಗಿದ್ದ ಯುವತಿಯೊಬ್ಬರ ವಿವಾಹವನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2017ರ ಮೇ ತಿಂಗಳಲ್ಲಿ ರದ್ದುಪಡಿಸಿತ್ತು. ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 8ರಂದು ಆ ವಿವಾಹವನ್ನು ಎತ್ತಿಹಿಡಿದು, ಧರ್ಮವನ್ನೂ ಸಂಗಾತಿಯನ್ನೂ ಆರಿಸಿಕೊಳ್ಳುವುದು ವಯಸ್ಕ ವ್ಯಕ್ತಿಯ ಸ್ವಾತಂತ್ರ್ಯವೆಂದು ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯವೂ 2020ರ ನವೆಂಬರ್‌ನಲ್ಲಿ, ತನ್ನ ಆಯ್ಕೆಯ ವ್ಯಕ್ತಿಯನ್ನು ವಿವಾಹವಾಗುವುದು ವಯಸ್ಕರ ಮೂಲಭೂತ ಹಕ್ಕೆಂದು ಅಭಿಪ್ರಾಯಪಟ್ಟಿತು.

ವಿವಾಹವಾದ ಮಾತ್ರಕ್ಕೆ ಮಹಿಳೆಯ ಧರ್ಮ ಬದಲಾಗುತ್ತದೆಯೇ ಎಂಬುದು ಸಂಬಂಧಿಸಿದ ಮತ್ತೊಂದು ಪ್ರಶ್ನೆ. ವಿಶೇಷ ವಿವಾಹ ಕಾಯ್ದೆಯಡಿ ಹಿಂದೂ ಪುರುಷನನ್ನು ವಿವಾಹವಾದ ಪಾರ್ಸಿ ಮಹಿಳೆಯೊಬ್ಬರು ಪಾರ್ಸಿಯಾಗಿ ಉಳಿಯುವುದಿಲ್ಲವೆಂದು ಗುಜರಾತ್ ಉಚ್ಚ ನ್ಯಾಯಾಲಯವು 2012ರಲ್ಲಿ ಹೇಳಿತು. ಈ ತೀರ್ಪಿನ ವಿರುದ್ಧದ ಮೇಲ್ಮನವಿಯ ವಿಚಾರಣೆಯ ಸಂದರ್ಭದಲ್ಲಿ, 2017ರ ಡಿಸೆಂಬರ್‌ನಲ್ಲಿ, ವಲ್ಸಾಡ್ ಪಾರ್ಸಿ ಅಂಜುಮನ್ ಆ ಮಹಿಳೆಗೆ ತಂದೆ-ತಾಯಿಯ ಅಂತ್ಯಕ್ರಿಯೆಯ ವಿಧಿಗಳಲ್ಲಿ ಭಾಗವಹಿಸಲು ಅನುಮತಿ ನೀಡಲು ಒಪ್ಪಿತು.

ಮತಾಂತರ ನಿಯಂತ್ರಣ ಕಾಯ್ದೆಗಳು

ಸಂವಿಧಾನದ 25ನೇ ವಿಧಿಯು ಧರ್ಮವನ್ನು ಅನುಸರಿಸುವ, ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕನ್ನು ನೀಡಿದೆ. ಪ್ರಸಾರದ ಹಕ್ಕು ಮತ್ತೊಬ್ಬರನ್ನು ಮತಾಂತರಿಸುವ ಹಕ್ಕನ್ನು ಒಳಗೊಂಡಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಹೇಳಿ, ಒಡಿಶಾದ 1967ರ ಹಾಗೂ ಮಧ್ಯಪ್ರದೇಶದ 1968ರ ಕಾಯ್ದೆಗಳನ್ನು ಎತ್ತಿಹಿಡಿಯಿತು. ಬಲವಂತ, ವಂಚನೆ ಮತ್ತು ಆಮಿಷಗಳ ಮೂಲಕ ನಡೆಯುವ ಮತಾಂತರವನ್ನು ಈ ಕಾಯ್ದೆಗಳು ಗುರಿಯಾಗಿಸಿದ್ದವು. 2018ರಿಂದೀಚೆಗೆ ಉತ್ತರಾಖಂಡ, ಹಿಮಾಚಲ ಪ್ರದೇಶ, ಉತ್ತರ ಪ್ರದೇಶ, ಮಧ್ಯಪ್ರದೇಶ, ಗುಜರಾತ್ ಮುಂತಾದ ರಾಜ್ಯಗಳು ರೂಪಿಸಿದ ಕಾನೂನುಗಳು ವಿವಾಹಕ್ಕೆ ಸಂಬಂಧಿಸಿದ ಮತಾಂತರವನ್ನೂ ಸ್ಪಷ್ಟವಾಗಿ ಒಳಗೊಂಡಿವೆ. ಉತ್ತರ ಪ್ರದೇಶದಲ್ಲಿ ಮತಾಂತರ ಹೊಂದುವವರು 60 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಬಲವಂತ, ಆಮಿಷ ಅಥವಾ ವಂಚನೆ ಇಲ್ಲದಿರುವಾಗ, ವಿವಾಹವು ಅಂತರಧರ್ಮೀಯವೆಂಬ ಒಂದೇ ಕಾರಣಕ್ಕೆ ಗುಜರಾತಿನ ಕಾಯ್ದೆಯ ಕೆಲವು ಕಲಂಗಳನ್ನು ಅನ್ವಯಿಸಬಾರದೆಂದು ಅಲ್ಲಿನ ಉಚ್ಚ ನ್ಯಾಯಾಲಯವು 2021ರ ಆಗಸ್ಟ್‌ನಲ್ಲಿ ಮಧ್ಯಂತರ ಆದೇಶ ನೀಡಿತು.

ಕರ್ನಾಟಕ
ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಯನ್ನು ವಿಧಾನಸಭೆಯು 2021ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯ ಮೂಲಕ ಅದು ಜಾರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಒಪ್ಪಿಗೆ ಪಡೆದು ಕಾಯ್ದೆಯಾಯಿತು. ಇದರ ಪ್ರಕಾರ ಮತಾಂತರ ಹೊಂದುವವರು ಹಾಗೂ ಮತಾಂತರ ವಿಧಿ ನಡೆಸುವವರು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಪ್ರತ್ಯೇಕ ಘೋಷಣೆಗಳನ್ನು ಸಲ್ಲಿಸಬೇಕು. ಕಾನೂನುಬಾಹಿರ ಮತಾಂತರದ ಏಕೈಕ ಉದ್ದೇಶದಿಂದ ನಡೆದ ವಿವಾಹವನ್ನು ಕುಟುಂಬ ನ್ಯಾಯಾಲಯವು ಶೂನ್ಯವೆಂದು ಘೋಷಿಸಬಹುದು. ಹೆತ್ತವರು, ಒಡಹುಟ್ಟಿದವರು, ಬಂಧುಗಳು ಹಾಗೂ ಸಹೋದ್ಯೋಗಿಗಳೂ ದೂರು ನೀಡಬಹುದು. ಕಾನೂನುಬಾಹಿರ ಮತಾಂತರಕ್ಕೆ ಮೂರರಿಂದ ಐದು ವರ್ಷಗಳ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತ ವಯಸ್ಕ ಅಥವಾ ಪರಿಶಿಷ್ಟ ಜಾತಿ-ಪಂಗಡದವರಾಗಿದ್ದರೆ ಸೆರೆವಾಸವು ಹತ್ತು ವರ್ಷಗಳವರೆಗೂ ದಂಡವು 50,000 ರೂಪಾಯಿಗೂ ಏರುತ್ತದೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಈ ಕಾಯ್ದೆಯನ್ನು ರದ್ದುಪಡಿಸುವ ತೀರ್ಮಾನ ಕೈಗೊಂಡಿತು. ಸಂಪುಟದ ತೀರ್ಮಾನದಿಂದಷ್ಟೇ ಕಾಯ್ದೆಯೊಂದು ರದ್ದಾಗುವುದಿಲ್ಲ. ಅದಕ್ಕೆ ವಿಧಾನಮಂಡಲದ ಅಂಗೀಕಾರ ಅಗತ್ಯ.

ಈ ಬಗೆಯ ಕಾಯ್ದೆಗಳು ವಂಚನೆಯಿಂದ ರಕ್ಷಣೆ ನೀಡುತ್ತವೆಂದು ಬೆಂಬಲಿಗರು ವಾದಿಸುತ್ತಾರೆ. ವಯಸ್ಕ ಮಹಿಳೆಯ ನಿರ್ಧಾರವನ್ನು ಅನುಮಾನದಿಂದ ನೋಡುವ ಇವು ಖಾಸಗಿತನದ ಹಕ್ಕನ್ನು ಉಲ್ಲಂಘಿಸುತ್ತವೆಂಬುದು ಟೀಕಾಕಾರರ ವಾದ.

ಸಾಮಾಜಿಕ ಆಯಾಮ

ಪತಿಯ ಮನೆಗೆ ಪತ್ನಿ ಬರುವ ಪದ್ಧತಿಯಿರುವ ಸಮಾಜಗಳಲ್ಲಿ ಮತಾಂತರದ ನಿರೀಕ್ಷೆ ಸಾಮಾನ್ಯವಾಗಿ ಮಹಿಳೆಯ ಮೇಲೆಯೇ ಬೀಳುತ್ತದೆ. ಮತಾಂತರದೊಂದಿಗೆ ಹೆಸರು, ಉಡುಗೆ, ಆಹಾರ ಮತ್ತು ಹಬ್ಬಗಳ ಆಚರಣೆ ಬದಲಾಗಬಹುದು. ಮಕ್ಕಳಿಗೆ ಹೆಸರಿಡುವುದು, ಶಾಲಾ ದಾಖಲೆಯಲ್ಲಿ ಧರ್ಮ ಮತ್ತು ಜಾತಿಯನ್ನು ನಮೂದಿಸುವುದು, ಹೆತ್ತವರ ಅಂತ್ಯಕ್ರಿಯೆಯಲ್ಲಿ ಪಾಲ್ಗೊಳ್ಳುವುದು ಮತ್ತು ತನ್ನದೇ ಅಂತ್ಯಸಂಸ್ಕಾರದ ಕ್ರಮ ಮುಂತಾದ ಪ್ರಶ್ನೆಗಳು ವಿವಾಹದ ವೇಳೆ ಗೌಣವಾಗಿ ಕಂಡರೂ ಮುಂದೆ ವಿವಾದಕ್ಕೆ ಕಾರಣವಾಗುವುದುಂಟು. ಎರಡೂ ಕುಟುಂಬಗಳ ಸಮಾಧಾನಕ್ಕಾಗಿ ಹೆಸರಿಗಷ್ಟೇ ಮಾಡಿಕೊಂಡ ಮತಾಂತರಕ್ಕೂ ಮೇಲೆ ಹೇಳಿದ ಕಾನೂನು ಪರಿಣಾಮಗಳು ಅನ್ವಯಿಸಬಹುದು. ಮತ್ತೊಂದೆಡೆ, ಸಂಗಾತಿಯ ಧರ್ಮವನ್ನು ಅರಿತು ಮನಃಪೂರ್ವಕವಾಗಿ ಸ್ವೀಕರಿಸಿದವರೂ ಇದ್ದಾರೆ. ಅವರಿಗೆ ಮತಾಂತರವು ಸಮಾನ ಆಚರಣೆಯ ಗೃಹಜೀವನಕ್ಕೆ ದಾರಿಯಾಗಿರುತ್ತದೆ.

ಇತರ ದೇಶಗಳಲ್ಲಿ

ಮಲೇಷ್ಯಾದಲ್ಲಿ ಮುಸ್ಲಿಮರನ್ನು ವಿವಾಹವಾಗುವ ಅನ್ಯಧರ್ಮೀಯರು ಇಸ್ಲಾಂ ಸ್ವೀಕರಿಸುವುದು ಕಡ್ಡಾಯ. ಕ್ರೈಸ್ತ ಧರ್ಮ ಸ್ವೀಕರಿಸಿದ ಮಹಿಳೆಯೊಬ್ಬರು ಗುರುತಿನ ಚೀಟಿಯಿಂದ ‘ಇಸ್ಲಾಂ’ ಎಂಬ ನಮೂದನ್ನು ತೆಗೆಸಲು ಶರಿಯಾ ನ್ಯಾಯಾಲಯದ ಪ್ರಮಾಣಪತ್ರ ಬೇಕೆಂದು ಅಲ್ಲಿನ ಫೆಡರಲ್ ನ್ಯಾಯಾಲಯವು 2007ರಲ್ಲಿ ಹೇಳಿತು. ಇಂಡೋನೇಷ್ಯಾದಲ್ಲಿ ಅಂತರಧರ್ಮೀಯ ವಿವಾಹಗಳ ನೋಂದಣಿಗೆ ಅನುಮತಿ ನೀಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಕೆಳ ನ್ಯಾಯಾಲಯಗಳಿಗೆ ಸುತ್ತೋಲೆ ಹೊರಡಿಸಿತು. ಇಸ್ರೇಲ್ ಮತ್ತು ಲೆಬನಾನ್‌ಗಳಲ್ಲಿ ವಿವಾಹವು ಧಾರ್ಮಿಕ ಸಂಸ್ಥೆಗಳ ಅಧೀನದಲ್ಲಿರುವುದರಿಂದ, ಮತಾಂತರ ಬಯಸದ ಅನೇಕ ಜೋಡಿಗಳು ಸೈಪ್ರಸ್‌ಗೆ ಹೋಗಿ ನಾಗರಿಕ ವಿವಾಹವಾಗುತ್ತಾರೆ. ಮುಸ್ಲಿಂ ಮಹಿಳೆಯರು ಅನ್ಯಧರ್ಮೀಯರನ್ನು ವಿವಾಹವಾಗದಂತೆ ನಿರ್ಬಂಧಿಸಿದ್ದ 1973ರ ಸುತ್ತೋಲೆಯನ್ನು ಟುನೀಷಿಯಾ 2017ರಲ್ಲಿ ಹಿಂತೆಗೆದುಕೊಂಡಿತು.

ಕನ್ನಡ ಸಾಹಿತ್ಯದಲ್ಲಿ

ಎಸ್.ಎಲ್. ಭೈರಪ್ಪ ಅವರ ಆರಂಭಿಕ ಕಾದಂಬರಿಗಳಲ್ಲೊಂದಾದ ‘ಧರ್ಮಶ್ರೀ’ಯು ಕ್ರೈಸ್ತ ಧರ್ಮಕ್ಕೆ ಮತಾಂತರದ ವಸ್ತುವನ್ನು ಹೊಂದಿದೆ. 2007ರಲ್ಲಿ ಪ್ರಕಟವಾದ ಅವರ ‘ಆವರಣ’ ಕಾದಂಬರಿಯ ನಾಯಕಿ ಲಕ್ಷ್ಮಿ, ಅಮೀರ್‌ನನ್ನು ವಿವಾಹವಾಗಲು ಇಸ್ಲಾಂ ಸ್ವೀಕರಿಸಿ ರಜಿಯಾ ಆಗುತ್ತಾಳೆ. ಈ ಕೃತಿಯು ಕನ್ನಡದಲ್ಲಿ ವ್ಯಾಪಕ ಚರ್ಚೆಗೆ ಒಳಗಾಯಿತು.

ಇವನ್ನೂ ನೋಡಿ
- ವಿಶೇಷ ವಿವಾಹ ಕಾಯ್ದೆ, 1954
- ಹಿಂದೂ ವಿವಾಹ ಕಾಯ್ದೆ, 1955
- ಮತಾಂತರ
- ಏಕರೂಪ ನಾಗರಿಕ ಸಂಹಿತೆ
- ಮಂತ್ರಮಾಂಗಲ್ಯ